ಒಪ್ಪಿಗೆಯೇ ಒಪ್ಪ

ಮೊನ್ನೆ ಸಂಜೆ ನಮ್ಮ ಮೊಮ್ಮಗನು ಇಂಗ್ಲಿಷ್ ಪುಸ್ತಕ ಹಿಡಿದು ಬಳಿಗೆ ಬಂದನು. ಅಡ್ಮಿಟ್, ಕನ್ಸೀಡ್, ಕನ್‌ಫೆಸ್, ಅಕ್ನಾಲೆಜ್ ಎಂಬ ನಾಲ್ಕು ಕ್ರಿಯಾಪದಗಳಿಗೆ ಕನ್ನಡದಲ್ಲಿ ಅರ್ಥ ಬರೆಯಬೇಕಾಗಿತ್ತು. ನಾಲ್ಕಕ್ಕೂ ‘ಒಪ್ಪಿಕೊಳ್ಳು’ ಎಂದು ಬರೆಸಿ ನಾವು ಸುಮ್ಮನಾದೆವು. “ಅರ್ಥ ಒಂದೇ ಆದರೆ ಪದಗಳು ನಾಲ್ಕೇಕೆ ಅಜ್ಜಾ?” ಎಂದನು.

ವಿಚಾರ ಮಾಡಿದರೆ ಅವು ಒಂದೇ ಅಲ್ಲ. ಅಡ್ಮಿಟ್ ಎಂಬುದಕ್ಕೆ ಲ್ಯಾಟಿನ್ ಮೂಲದಲ್ಲಿ ‘ಒಳಗೆ ಬಿಡುವುದು’ ಎಂದರ್ಥ. ರೋಗಿಯನ್ನು ಆಸ್ಪತ್ರೆಗೆ ಸೇರಿಸಿಕೊಳ್ಳುವುದಕ್ಕೂ ಅದೇ ಮಾತು. ಹೊರಗೆ ನಿಲ್ಲಿಸಿದ್ದ ಸತ್ಯಕ್ಕೆ ಬಾಗಿಲು ತೆರೆಯುವುದೇ ಅಡ್ಮಿಟ್. ಕನ್ಸೀಡ್ ಎಂದರೆ ಬಿಟ್ಟುಕೊಡುವುದು. ವಾದದಲ್ಲಿ, ಚುನಾವಣೆಯಲ್ಲಿ ಮನಸ್ಸಿಲ್ಲದಿದ್ದರೂ ಸೋಲಿಗೆ ಮಣಿಯುವ ಮಾತು. ಕನ್‌ಫೆಸ್ ಎಂದರೆ ಬಚ್ಚಿಟ್ಟ ತಪ್ಪನ್ನು ಬಾಯಿಬಿಟ್ಟು ಹೇಳುವುದು. ಕ್ಯಾಥೊಲಿಕ್ ಕ್ರೈಸ್ತರು ವರ್ಷಕ್ಕೊಮ್ಮೆಯಾದರೂ ಪಾದ್ರಿಯ ಮುಂದೆ ಹೀಗೆ ನಿವೇದಿಸಬೇಕೆಂದು 1215ರ ಲ್ಯಾಟರನ್ ಧರ್ಮಸಭೆ ವಿಧಿಸಿತು. ಅಕ್ನಾಲೆಜ್ ಪದದ ಒಡಲಲ್ಲಿಯೇ ನಾಲೆಜ್, ಎಂದರೆ ಅರಿವು ಇದೆ. ಅನ್ಯರ ಉಪಕಾರವನ್ನು ನೆನೆಯುವುದಕ್ಕೂ ಆ ಪದ ಸಲ್ಲುತ್ತದೆ.

ನಮ್ಮ ದೇಶದ ಕಾನೂನು ಸಹ ಇಲ್ಲಿ ಭೇದವೆಣಿಸಿದೆ. 1872ರ ಸಾಕ್ಷ್ಯ ಅಧಿನಿಯಮವು ಅಡ್ಮಿಷನ್, ಕನ್‌ಫೆಷನ್‌ಗಳನ್ನು ಬೇರೆಬೇರೆಯಾಗಿ ಕಂಡಿತ್ತು. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಸಾಮಾನ್ಯವಾಗಿ ಆರೋಪಿಯ ವಿರುದ್ಧ ರುಜುವಾತಿಗೆ ಬಳಸುವಂತಿರಲಿಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಆ ನಿಯಮವನ್ನು ಉಳಿಸಿಕೊಂಡಿದೆ. ಭಯದಿಂದ ಹೊರಟ ಒಪ್ಪಿಗೆಯನ್ನು ನಂಬಲಾಗದೆಂಬ ವಿವೇಕ ಅದರ ಹಿಂದಿದೆ.

ಈ ವಿವೇಕ ನಮಗೆ ಮನೆಯಲ್ಲಿ ಇರಲಿಲ್ಲ. ಕಳೆದ ತಿಂಗಳು ಐದುನೂರು ರೂಪಾಯಿಯ ನೋಟೊಂದು ಕಾಣದಾಯಿತು. ನಾವು ಈ ಹುಡುಗನನ್ನೇ ಗದರಿಸಿ ಕೇಳಿದೆವು. ಮೊದಲು ಇಲ್ಲವೆಂದವನು, ನಮ್ಮ ದನಿ ಏರಿದಾಗ ಅಳುತ್ತ “ನಾನೇ ತೆಗೆದೆ” ಎಂದುಬಿಟ್ಟನು. ಎರಡು ದಿನಗಳ ಬಳಿಕ ನೋಟು ನಮ್ಮ ವಚನ ಸಂಪುಟದ ಹಾಳೆಗಳ ನಡುವೆಯೇ ಸಿಕ್ಕಿತು. ಇಟ್ಟವರು ನಾವೇ. ಆಗ ಅವನಿಗೆ “ತಪ್ಪಾಯಿತಪ್ಪಾ” ಎಂದು ಹೇಳಿ ಮುಗಿಸಿದ್ದೆವು.

‘ತಪ್ಪಾಯಿತು’ ಎಂಬುದು ಎಷ್ಟು ಸುಲಭದ ಮಾತು! ಮಳೆಯಾಯಿತು, ಸಂಜೆಯಾಯಿತು ಎಂಬಂತೆ ತಪ್ಪೂ ತಾನಾಗಿಯೇ ಆಗಿಹೋಯಿತು; ಮಾಡಿದವರೇ ಇಲ್ಲ! ಮನಸ್ಸು ಮರುಗಿ ಆಡಿದರೆ ಆ ಮಾತಿಗೂ ತೂಕವುಂಟು. ಆದರೆ ಅಂದು ನಾವು ಅದರ ಮರೆಯಲ್ಲಿ ಅಡಗಿಕೊಂಡಿದ್ದೆವು.

ಬಸವಣ್ಣನವರು ತಮ್ಮ ಕುಂದುಗಳನ್ನು ಅನೇಕ ವಚನಗಳಲ್ಲಿ ಕೂಡಲಸಂಗಮದೇವನ ಮುಂದೆ ತಾವೇ ತೆರೆದಿಟ್ಟರು. ಯಾರೂ ಅವರನ್ನು ಗದರಿಸಿ ಕೇಳಿರಲಿಲ್ಲ. ನಾವೂ ನಿತ್ಯ ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿಯುತ್ತೇವೆ. ನಡುವೆ ಪೂಜಾರಿಯಿಲ್ಲ, ಮರೆಯಿಲ್ಲ. ಲಿಂಗದ ಮುಂದೆ ಬಾಗುವ ತಲೆ ಮನೆಯ ಕಿರಿಯರ ಮುಂದೆ ಬಾಗಲು ನಾಚುವುದಾದರೆ ಆ ಪೂಜೆ ಎಷ್ಟರಮಟ್ಟಿನದು?

ಅಂದು ಸಂಜೆ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, “ನಿನ್ನನ್ನು ಹೆದರಿಸಿ ಸುಳ್ಳು ಹೇಳಿಸಿದವನು ನಾನು. ತಪ್ಪು ಮಾಡಿದವನು ನಾನೇ” ಎಂದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದು ನಾಲ್ಕರಲ್ಲಿ ಯಾವ ಪದ ಅಜ್ಜಾ?” ಎಂದನು.

ಕನ್ನಡದಲ್ಲಿ ‘ಒಪ್ಪು’ ಎಂದರೆ ಸಮ್ಮತಿಸುವುದೂ ಹೌದು, ಚೆಲುವೂ ಹೌದು. ಹಿರಿತನಕ್ಕೆ ಆ ಚೆಲುವು ಬರಬೇಕಾದರೆ ಒಪ್ಪಿಕೊಳ್ಳುವ ಪಾಠ ಹಿರಿಯರಿಂದಲೇ ಆರಂಭವಾಗಲಿ.