ಸಂಘದ ಕಂಪ್ಯೂಟರ್ ‘ಸತ್ತಿತು’ ಎನ್ನುವ ಮೊದಲು

ಮಹಾನಗರ ಮುಂಬಯಿ ಮತ್ತು ಉಪನಗರಗಳ ಬಹುತೇಕ ಕನ್ನಡ ಸಂಘ-ಸಂಸ್ಥೆಗಳ ಕಚೇರಿಗಳಲ್ಲಿ ಮೂಲೆಯ ಮೇಜಿನ ಮೇಲೆ ಒಂದು ಡೆಸ್ಕ್‌ಟಾಪ್ ಕಂಪ್ಯೂಟರ್ ಇದ್ದೇ ಇರುತ್ತದೆ. ಯಾರೋ ದಾನಿಗಳು ಕೊಟ್ಟದ್ದು, ಇಲ್ಲವೇ ಸದಸ್ಯರೊಬ್ಬರು ದುಡಿಯುವ ಕಂಪೆನಿಯಲ್ಲಿ ಹಳೆಯದಾಯಿತೆಂದು ಸಂಘಕ್ಕೆ ಬಂದದ್ದು. ವಾರಕ್ಕೆ ಒಂದೆರಡು ಸಂಜೆ ಕಚೇರಿಯ ಬಾಗಿಲು ತೆರೆದಾಗ ಮಾತ್ರ ಅದಕ್ಕೆ ಕೆಲಸ. ಆದರೆ ಆಜೀವ ಸದಸ್ಯರ ಯಾದಿ, ವಿದ್ಯಾರ್ಥಿವೇತನ ಪಡೆದ ಮಕ್ಕಳ ವಿವರ, ಬೆಳ್ಳಿಹಬ್ಬದ ಸ್ಮರಣ ಸಂಚಿಕೆಯ ಪುಟಗಳು, ನಾಟಕ-ಯಕ್ಷಗಾನಗಳ ಭಾವಚಿತ್ರಗಳು, ಚಾರಿಟಿ ಕಮಿಷನರ್ ಕಚೇರಿಗೆ ಸಲ್ಲಿಸಿದ ಲೆಕ್ಕಪತ್ರಗಳ ಪ್ರತಿ, ಎಲ್ಲವೂ ಇರುವುದು ಅದರ ಹೊಟ್ಟೆಯೊಳಗೆ.

ಇಂತಹ ಯಂತ್ರ ಒಂದು ಸಂಜೆ ಗುಂಡಿ ಒತ್ತಿದರೂ ಮಿಸುಕಾಡುವುದಿಲ್ಲ. ಹೆಚ್ಚಾಗಿ ಅದು ವಾರ್ಷಿಕ ಮಹಾಸಭೆಯ ನೋಟೀಸು ಕಳುಹಿಸಬೇಕಾದ ವಾರವೇ ಆಗಿರುತ್ತದೆ. ಒಬ್ಬರು ನಾಲ್ಕು ಸಲ ಗುಂಡಿ ಒತ್ತುತ್ತಾರೆ, ಇನ್ನೊಬ್ಬರು ಕ್ಯಾಬಿನೆಟ್ಟಿನ ಬೆನ್ನಿಗೆ ತಟ್ಟುತ್ತಾರೆ, ಮೂರನೆಯವರು ‘ಅದು ಸತ್ತಿದೆ, ಹೊಸದು ತರುವ’ ಎಂದು ತೀರ್ಪು ಕೊಡುತ್ತಾರೆ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಠರಾವು ಪಾಸಾಗುತ್ತದೆ. ಹಳೆಯದು ಭಂಗಾರದವನ ಪಾಲಾಗುತ್ತದೆ. ಅದರೊಂದಿಗೆ ಹೋದದ್ದು ಏನೆಂಬುದು ಅರಿವಾಗುವುದು ವರ್ಷದ ಬಳಿಕ, ಯಾರೋ ಹಿರಿಯ ಸದಸ್ಯರ ವಿವರ ಬೇಕಾದಾಗ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಈ ಅವಸರವನ್ನು ಸಂಘಗಳು ಬಿಡಬೇಕಾಗಿದೆ.

ಆನ್ ಆಗದ ಕಂಪ್ಯೂಟರ್ ಎಂದರೆ ಕೆಟ್ಟುಹೋದ ಕಂಪ್ಯೂಟರ್ ಎಂದು ಅರ್ಥವಲ್ಲ. ಗೋಡೆಯ ಸಾಕೆಟ್ಟಿನಿಂದ ಯಂತ್ರದ ಒಳಗಿನ ತನಕ ವಿದ್ಯುತ್ ಹರಿದು ಬರುವ ದಾರಿಯಲ್ಲಿ ಆರೇಳು ಕೊಂಡಿಗಳಿವೆ. ಅವುಗಳಲ್ಲಿ ಯಾವುದೊಂದು ತಪ್ಪಿದರೂ ಪರಿಣಾಮ ಒಂದೇ: ಮೌನ. ಆದ್ದರಿಂದ ಗೋಡೆಯಿಂದ ಶುರು ಮಾಡಿ ಒಂದೊಂದೇ ಕೊಂಡಿಯನ್ನು ಪರೀಕ್ಷಿಸುತ್ತಾ ಒಳಗೆ ಹೋಗಬೇಕು. ಇದಕ್ಕೆ ಎಂಜಿನಿಯರಿಂಗ್ ಪದವಿ ಬೇಡ, ತಾಳ್ಮೆ ಸಾಕು.

ಮೊದಲು ಅದೇ ಸಾಕೆಟ್ಟಿಗೆ ಮೊಬೈಲ್ ಚಾರ್ಜರನ್ನೋ ಟೇಬಲ್ ಲ್ಯಾಂಪನ್ನೋ ಚುಚ್ಚಿ ಕರೆಂಟು ಇದೆಯೇ ಎಂದು ನೋಡಬೇಕು. ಬಳಿಕ ಎಕ್ಸ್‌ಟೆನ್ಶನ್ ಬೋರ್ಡು, ಅದರ ಸ್ವಿಚ್ಚು ಮತ್ತು ಫ್ಯೂಸು. ಅದರ ನಂತರದ್ದು ಯುಪಿಎಸ್. ಸಂಘಗಳ ಕಚೇರಿಯಲ್ಲಿ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಯುಪಿಎಸ್ ಒಳಗಿನ ಸೀಸದ ಬ್ಯಾಟರಿಗೆ ಸಾಮಾನ್ಯವಾಗಿ ಮೂರ್ನಾಲ್ಕು ವರ್ಷದ ಆಯುಸ್ಸು. ವಾರಗಟ್ಟಲೆ ಚಾರ್ಜ್ ಇಲ್ಲದೆ ಬಿದ್ದರೆ ಅದು ಇನ್ನೂ ಬೇಗ ಸಾಯುತ್ತದೆ. ಬಾಗಿಲು ಹಾಕಿ ಹೋಗುವಾಗ ಮೈನ್ ಸ್ವಿಚ್ಚನ್ನೇ ಆರಿಸಿ ಹೋಗುವ ಕಚೇರಿಯಲ್ಲಿ ಆಗುವುದು ಇದೇ. ಯುಪಿಎಸ್ ಬಿಟ್ಟು ಕಂಪ್ಯೂಟರಿನ ವಯರನ್ನು ನೇರ ಗೋಡೆಗೆ ಜೋಡಿಸಿದಾಗ ಅದು ಹೊತ್ತಿಕೊಂಡರೆ, ಬದಲಿಸಬೇಕಾದದ್ದು ಬ್ಯಾಟರಿ, ಕಂಪ್ಯೂಟರ್ ಅಲ್ಲ.

ಆಮೇಲೆ ಪವರ್ ಕೇಬಲ್. ಮಾನಿಟರಿನ ದೀಪ ಉರಿಯುತ್ತಿದ್ದರೆ ಅದರ ಕೇಬಲ್ ಸರಿಯಿದೆ ಎಂದಾಯಿತು. ಅನೇಕ ಮಾನಿಟರುಗಳದ್ದು ಮತ್ತು ಕಂಪ್ಯೂಟರಿನದ್ದು ಒಂದೇ ಬಗೆಯ ಕೇಬಲ್ ಆಗಿರುವುದರಿಂದ ಅದನ್ನು ಇದಕ್ಕೆ ಬದಲಿಸಿ ನೋಡಬಹುದು. ಕ್ಯಾಬಿನೆಟ್ಟಿನ ಹಿಂಬದಿ, ಕೇಬಲ್ ಸೇರುವಲ್ಲಿ, ಒಂದು ಗೆರೆ ಮತ್ತು ಒಂದು ಸೊನ್ನೆ ಬರೆದ ಪುಟ್ಟ ಸ್ವಿಚ್ಚು ಇರುತ್ತದೆ. ಕಸ ಗುಡಿಸುವಾಗ ಪೊರಕೆ ತಾಗಿ ಅದು ಸೊನ್ನೆಯ ಕಡೆ ಹೊರಳಿದ್ದರೆ ಯಂತ್ರ ಏಳುವುದಿಲ್ಲ. ಹಳೆಯ ಮಾದರಿಗಳಲ್ಲಿ ಪಕ್ಕದಲ್ಲೇ 115 ಮತ್ತು 230 ಎಂದು ಬರೆದ ಕೆಂಪು ಸ್ವಿಚ್ಚು ಇರುತ್ತದೆ. ನಮ್ಮ ದೇಶದಲ್ಲಿ ಅದು ಸದಾ 230ರಲ್ಲೇ ಇರಬೇಕು. 115ಕ್ಕೆ ಸರಿಸಿ ಕರೆಂಟು ಕೊಟ್ಟರೆ ಢಂ ಎಂದು ಸುಟ್ಟುಹೋಗುತ್ತದೆ.

ಇಷ್ಟಾದರೂ ಏಳದಿದ್ದರೆ ಪ್ರಿಂಟರ್, ಪೆನ್‌ಡ್ರೈವ್ ಮುಂತಾಗಿ ಹೊರಗಿನಿಂದ ಜೋಡಿಸಿದ್ದನ್ನೆಲ್ಲ ಕಳಚಬೇಕು. ಇವುಗಳಲ್ಲಿ ಯಾವುದಾದರೂ ಶಾರ್ಟ್ ಆಗಿದ್ದರೂ ಯಂತ್ರ ಏಳದೆ ಉಳಿಯಬಹುದು. ಗೋಡೆಯ ಪ್ಲಗ್ಗನ್ನೂ ಕಿತ್ತು, ಮುಂದಿನ ಗುಂಡಿಯನ್ನು ಹದಿನೈದು-ಇಪ್ಪತ್ತು ಸೆಕೆಂಡು ಒತ್ತಿ ಹಿಡಿದು, ಒಂದೆರಡು ನಿಮಿಷ ಬಿಟ್ಟು ಮತ್ತೆ ಜೋಡಿಸಬೇಕು. ವೋಲ್ಟೇಜ್ ಏರುಪೇರಾದಾಗ ತನ್ನ ರಕ್ಷಣೆಗಾಗಿ ತಾನೇ ಬಂದ್ ಆದ ಪವರ್ ಸಪ್ಲೈ ಒಳಗಿನ ಅಳಿದುಳಿದ ಚಾರ್ಜ್ ಇಳಿದ ಮೇಲೆ ಪುನಃ ಎದ್ದು ಕೂರುವುದುಂಟು.

ಎದುರಿನ ಗುಂಡಿಯ ಬಗ್ಗೆಯೂ ಒಂದು ತಪ್ಪು ಕಲ್ಪನೆ ಇದೆ. 1995ರಲ್ಲಿ ಇಂಟೆಲ್ ತಂದ ಎಟಿಎಕ್ಸ್ ವಿನ್ಯಾಸದ ಯಂತ್ರಗಳಲ್ಲಿ ಅದು ದೀಪದ ಸ್ವಿಚ್ಚಿನಂತೆ ನೇರ ಕರೆಂಟಿನ ಸ್ವಿಚ್ಚಲ್ಲ. ಅದು ಮದರ್‌ಬೋರ್ಡಿಗೆ ಕೊಡುವ ಒಂದು ಸಂಕೇತ ಮಾತ್ರ. ಮದರ್‌ಬೋರ್ಡು ಹೇಳಿದ ಮೇಲೆಯೇ ಎಸ್‌ಎಂಪಿಎಸ್ ಎನ್ನುವ ಪವರ್ ಸಪ್ಲೈ ಪೂರ್ತಿ ಚಾಲೂ ಆಗಿ 12, 5 ಮತ್ತು 3.3 ವೋಲ್ಟಿನ ವಿದ್ಯುತ್ತನ್ನು ಒಳಗೆ ಹಂಚುತ್ತದೆ. ಹಾಗಾಗಿ ಹತ್ತು ವರ್ಷ ಒತ್ತಿಸಿಕೊಂಡು ಸವೆದ ಒಂದು ಗುಂಡಿ ಇಡೀ ಯಂತ್ರವೇ ಸತ್ತಂತೆ ತೋರಿಸಬಲ್ಲುದು. ಬಲ್ಲವರು ಪ್ಲಗ್ ಕಿತ್ತು ಕ್ಯಾಬಿನೆಟ್ ತೆರೆದು, ರಿಸೆಟ್ ಗುಂಡಿಯ ಪುಟ್ಟ ವಯರನ್ನು ಪವರ್ ಗುಂಡಿಯ ಜಾಗಕ್ಕೆ ಸಿಕ್ಕಿಸುತ್ತಾರೆ. ಅಂದಿನಿಂದ ರಿಸೆಟ್ ಗುಂಡಿಯೇ ಪವರ್ ಗುಂಡಿ. ಒಂದು ರೂಪಾಯಿ ಖರ್ಚಿಲ್ಲ.

ಫ್ಯಾನು ತಿರುಗುತ್ತದೆ, ಪರದೆ ಮಾತ್ರ ಕಪ್ಪು ಎಂದಾದರೆ ಅದು ಬೇರೆಯೇ ಕಾಯಿಲೆ. ಮುಂಬಯಿಯ ಮಳೆಗಾಲದ ತೇವಕ್ಕೆ ರ‍್ಯಾಮ್ ಪಟ್ಟಿಯ ಅಂಚು ಮಂಕಾಗಿರುತ್ತದೆ. ಪ್ಲಗ್ ಕಿತ್ತು ಪಟ್ಟಿಯನ್ನು ಹೊರತೆಗೆದು, ಅಂಚನ್ನು ಮಕ್ಕಳ ರಬ್ಬರಿನಿಂದ ಮೃದುವಾಗಿ ಒರೆಸಿ, ಚೂರುಗಳನ್ನು ಊದಿ ಮತ್ತೆ ಬಿಗಿಯಾಗಿ ಕೂರಿಸಿದರೆ ಎಷ್ಟೋ ಯಂತ್ರಗಳು ಮಾತಾಡುತ್ತವೆ. ಫ್ಯಾನು ಒಂದು ಸುತ್ತು ತಿರುಗಿ ನಿಂತರೆ ಒಳಗೆಲ್ಲೋ ಶಾರ್ಟ್ ಇದೆ, ಅಥವಾ ಮದರ್‌ಬೋರ್ಡಿನ ಕೆಪಾಸಿಟರುಗಳ ತಲೆ ಉಬ್ಬಿದೆ ಎಂದು ಶಂಕಿಸಬೇಕು. 2000ದ ಆಸುಪಾಸಿನ ವರ್ಷಗಳಲ್ಲಿ ತಯಾರಾದ ಕಳಪೆ ಕೆಪಾಸಿಟರುಗಳು ಜಗತ್ತಿನಾದ್ಯಂತ ಲಕ್ಷಾಂತರ ಯಂತ್ರಗಳನ್ನು ಹೀಗೆ ಕೆಡಿಸಿದ್ದವು.

ವಿದ್ಯುತ್ತಿನೊಂದಿಗೆ ಆಟ ಬೇಡ, ಇದೆಲ್ಲ ಮೆಕ್ಯಾನಿಕನ ಕೆಲಸ ಎನ್ನುವವರ ಮಾತಿನಲ್ಲೂ ಹುರುಳಿದೆ. ಆದ್ದರಿಂದಲೇ ಎಲ್ಲಿ ನಿಲ್ಲಬೇಕೆಂಬುದು ತಿಳಿದಿರಬೇಕು. ಸುಟ್ಟ ವಾಸನೆ, ಕಿಡಿ, ಹೊಗೆ ಕಂಡರೆ ಅಥವಾ ಪ್ಲಗ್ ಚುಚ್ಚಿದೊಡನೆ ಎಂಸಿಬಿ ಬಿದ್ದರೆ ಅಲ್ಲಿಗೆ ಕೈಬಿಡಬೇಕು. ಎಸ್‌ಎಂಪಿಎಸ್ ಡಬ್ಬವನ್ನು ಯಾರೂ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರೊಳಗೆ 300 ವೋಲ್ಟಿಗೂ ಮಿಕ್ಕಿದ ಚಾರ್ಜ್ ಸ್ವಲ್ಪ ಹೊತ್ತು ಉಳಿದಿರಬಹುದು. ಅದನ್ನು ಇಡಿಯಾಗಿ ಬದಲಿಸುವುದೇ ಸರಿ. ಅದಕ್ಕೆ ತಗಲುವುದು ಹೊಸ ಕಂಪ್ಯೂಟರಿನ ಬೆಲೆಯ ಸಣ್ಣದೊಂದು ಪಾಲು. ಗ್ರ್ಯಾಂಟ್‌ರೋಡ್ ಬಳಿಯ ಲ್ಯಾಮಿಂಗ್ಟನ್ ರೋಡಿನಲ್ಲಿ, ಚೆನ್ನೈಯ ರಿಚ್ಚಿ ಸ್ಟ್ರೀಟಿನಲ್ಲಿ, ದಿಲ್ಲಿಯ ನೆಹರೂ ಪ್ಲೇಸಿನಲ್ಲಿ ಇಂತಹ ಬಿಡಿಭಾಗಗಳಿಗೆ ಕೊರತೆಯಿಲ್ಲ. ‘ಸತ್ತಿದೆ’ ಎಂದು ಹೇಳಿ ಕಳುಹಿಸುವುದಕ್ಕೂ, ‘ಗೋಡೆ, ಯುಪಿಎಸ್, ಕೇಬಲ್, ಗುಂಡಿ ನೋಡಿಯಾಯಿತು, ಎಸ್‌ಎಂಪಿಎಸ್ ಪರೀಕ್ಷಿಸಿ’ ಎಂದು ಹೇಳಿ ಕಳುಹಿಸುವುದಕ್ಕೂ ಬಿಲ್ಲಿನಲ್ಲಿ ವ್ಯತ್ಯಾಸ ಬೀಳುತ್ತದೆ. ಸಂಘದ ಹಣ ಸದಸ್ಯರ ಹಣ.

ಇದಕ್ಕಿಂತಲೂ ದೊಡ್ಡ ಸಂಗತಿ ಇನ್ನೊಂದಿದೆ. ಪವರ್ ಸಪ್ಲೈ ಸುಟ್ಟರೂ, ಮದರ್‌ಬೋರ್ಡು ಕೆಟ್ಟರೂ ಹಾರ್ಡ್‌ಡಿಸ್ಕಿನಲ್ಲಿರುವ ಮಾಹಿತಿ ಹೆಚ್ಚಿನ ಸಂದರ್ಭಗಳಲ್ಲಿ ಸುರಕ್ಷಿತವಾಗಿಯೇ ಇರುತ್ತದೆ. ನಾಲ್ಕು ಸ್ಕ್ರೂ ಬಿಚ್ಚಿ ಅದನ್ನು ಹೊರತೆಗೆದು, ಒಂದು ಯುಎಸ್‌ಬಿ ಅಡಾಪ್ಟರ್ ಮೂಲಕ ಬೇರೆ ಕಂಪ್ಯೂಟರಿಗೆ ಜೋಡಿಸಿದರೆ ಎಲ್ಲವನ್ನೂ ನಕಲು ಮಾಡಿಕೊಳ್ಳಬಹುದು. ಆದ್ದರಿಂದ ರಿಪೇರಿಗೆ ಕೊಡುವಾಗ ‘ಫಾರ್ಮ್ಯಾಟ್ ಮಾಡಬಾರದು’ ಎಂದು ರಶೀದಿಯ ಮೇಲೆಯೇ ಬರೆಸಿಕೊಳ್ಳಬೇಕು. ಎಸೆಯುವುದೇ ಆದರೆ ಹಾರ್ಡ್‌ಡಿಸ್ಕನ್ನು ತೆಗೆದಿಟ್ಟುಕೊಳ್ಳಬೇಕು. ಸದಸ್ಯರ ಮನೆ ವಿಳಾಸ, ದೂರವಾಣಿ ಸಂಖ್ಯೆ, ಬ್ಯಾಂಕಿನ ವಿವರಗಳಿರುವ ಡಿಸ್ಕು ಭಂಗಾರದ ಅಂಗಡಿಗೆ ಹೋಗುವುದು ಸದಸ್ಯರಿಗೆ ಬಗೆಯುವ ದ್ರೋಹ. ದೇಶದಲ್ಲಿ ಇ-ತ್ಯಾಜ್ಯ ನಿಯಮಗಳು 2012ರಿಂದ ಜಾರಿಯಲ್ಲಿವೆ. 2022ರ ಹೊಸ ನಿಯಮಗಳು 2023ರ ಎಪ್ರಿಲ್ 1ರಿಂದ ಬಂದಿವೆ. ಹಳೆಯ ಯಂತ್ರ ಸೇರಬೇಕಾದದ್ದು ನೋಂದಾಯಿತ ಮರುಬಳಕೆದಾರರನ್ನು.

ಈಗ ಎಲ್ಲವೂ ಮೊಬೈಲಿನಲ್ಲಿದೆ, ವಾಟ್ಸಾಪ್ ಗ್ರೂಪ್ ಇದೆ, ಡೆಸ್ಕ್‌ಟಾಪಿನ ಗೊಡವೆ ಯಾಕೆ ಎಂದು ಕಿರಿಯರು ಕೇಳಬಹುದು. ವಾಟ್ಸಾಪ್ ಸುದ್ದಿ ಮುಟ್ಟಿಸುತ್ತದೆ, ದಾಖಲೆ ಕಾಯುವುದಿಲ್ಲ. ಕಾರ್ಯದರ್ಶಿ ಬದಲಾದಂತೆ ಅವರ ಮೊಬೈಲಿನೊಂದಿಗೆ ಸಂಘದ ಕಾಗದಪತ್ರಗಳೂ ಹೊರಟುಹೋಗುತ್ತವೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ಹಳೆಯ ಯಂತ್ರಗಳನ್ನು ಬದಲಿಸಬೇಕಾದ ಸಂದರ್ಭ ಅನೇಕ ಸಂಘಗಳಿಗೆ ಬಂದೇ ಬರುತ್ತದೆ. ಬದಲಿಸಲಿ. ಆದರೆ ಮೊದಲು ಮಾಹಿತಿ ಈಚೆ ಬರಲಿ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಿಸಿದ ಸ್ಮರಣ ಸಂಚಿಕೆಗಳನ್ನು ಯುನಿಕೋಡ್‌ಗೆ ಪರಿವರ್ತಿಸಿಡುವ ಕೆಲಸವೂ ಅದರೊಂದಿಗೇ ಆಗಲಿ.

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಕುರ್ಲಾ, ಕಲೀನಾ ಪರಿಸರದ ತಳ ಅಂತಸ್ತುಗಳು ಮುಳುಗಿದ್ದನ್ನು ಮುಂಬಯಿಗರು ಮರೆಯಲಾರರು. ನೀರು ಹೊಕ್ಕ ಯಂತ್ರಕ್ಕೆ ಪೂರ್ತಿ ಒಣಗಿಸಿ ಬಲ್ಲವರಿಂದ ಪರೀಕ್ಷಿಸದೆ ಕರೆಂಟು ಕೊಡಬಾರದು. ಕ್ಯಾಬಿನೆಟ್ಟನ್ನು ನೆಲದ ಮೇಲೆ ಇಡಬಾರದು. ದಾಖಲೆಗಳ ಒಂದು ಪ್ರತಿ ಕಚೇರಿಯ ಹೊರಗೆ, ಇನ್ನೊಬ್ಬ ಪದಾಧಿಕಾರಿಯ ಮನೆಯಲ್ಲಿ ಇರಲೇಬೇಕು.

ಸಂಘಗಳು ಮಾಡಬೇಕಾದದ್ದು ದೊಡ್ಡದೇನಲ್ಲ. ಮೇಲೆ ಹೇಳಿದ ಪರೀಕ್ಷೆಗಳನ್ನು ಕ್ರಮವಾಗಿ ಒಂದು ರಟ್ಟಿನ ಮೇಲೆ ಕನ್ನಡದಲ್ಲಿ ಬರೆದು ಕಂಪ್ಯೂಟರಿನ ಬಳಿ ತೂಗುಹಾಕಬೇಕು. ಯುವ ವಿಭಾಗದಿಂದ ಒಬ್ಬರು, ಮಹಿಳಾ ವಿಭಾಗದಿಂದ ಒಬ್ಬರು ಇದನ್ನು ಕಲಿತಿರಬೇಕು. ಮೂರು ತಿಂಗಳಿಗೊಮ್ಮೆ ಹಾರ್ಡ್‌ಡಿಸ್ಕಿನ ಪ್ರತಿ ತೆಗೆದದ್ದು ಸಭೆಯ ನಡವಳಿಯಲ್ಲಿ ದಾಖಲಾಗಬೇಕು. ರಾತ್ರಿ ಶಾಲೆಗಳ ಕಾಲದ ಹಿರಿಯರು ಹೋಟೆಲಿನಲ್ಲಿ ದುಡಿದು ಬಂದು, ಲಾಟೀನು ಬೆಳಕಿನಲ್ಲಿ ಬರೆದಿಟ್ಟ ಹಾಜರಿ ಪುಸ್ತಕಗಳು ಕೆಲವು ಕಡೆ ಇಂದಿಗೂ ಕಪಾಟಿನಲ್ಲಿವೆ. ನಂತರದ ತಲೆಮಾರಿನ ಇಪ್ಪತ್ತು ವರ್ಷಗಳ ದಾಖಲೆ ಒಂದು ಸವೆದ ಗುಂಡಿಯ ದೆಸೆಯಿಂದ ಭಂಗಾರಕ್ಕೆ ಹೋಗದಿರಲಿ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ವಿಷಯಕ್ಕೆ ಹತ್ತು ನಿಮಿಷ ಕೊಟ್ಟರೆ ಸಾಕು.