ಬಾರ್ಜ್ ನಿಂತ ಕಡೆ ಊರು

ಹೋದ ಸೆಮಿಸ್ಟರ್ ನಮ್ಮ ಕ್ಲಾಸಲ್ಲಿ ಎಲ್ಲರೂ ಒಂದೊಂದು ಸೆಮಿನಾರ್ ಕೊಡಬೇಕಿತ್ತು. ನಾನು ತಗೊಂಡಿದ್ದು ಪರ್ಮಾಫ್ರಾಸ್ಟ್ ಮೇಲೆ ಫೌಂಡೇಶನ್ ಹಾಕೋದು ಹೇಗೆ ಅನ್ನೋ ಟಾಪಿಕ್. ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಕರಗದೆ ಹೆಪ್ಪುಗಟ್ಟಿಕೊಂಡೇ ಇರುವ ನೆಲಕ್ಕೆ ಪರ್ಮಾಫ್ರಾಸ್ಟ್ ಅಂತಾರೆ. (ಕನ್ನಡದಲ್ಲಿ ಒಂದು ಪದ ಹುಡುಕಿದೆ, ನಾಲಿಗೆಗೆ ಹತ್ತುವಂಥದ್ದು ಸಿಗಲಿಲ್ಲ. ಗೊತ್ತಿದ್ದವರು ಹೇಳಿ.) ಉದಾಹರಣೆಗೆ ಅಲಾಸ್ಕಾದ ನ್ಯೂಟಾಕ್ ಅನ್ನೋ ಹಳ್ಳಿಯ ಫೋಟೋ ಹಾಕಿದ್ದೆ. ವಾಲಿಕೊಂಡ ಮನೆಗಳು, ಕೆಸರಲ್ಲಿ ಮುಳುಗುತ್ತಿರುವ ಹಲಗೆ ದಾರಿ, ಪಕ್ಕದಲ್ಲೇ ನದಿ. ಲಾಸ್ಟ್ ಬೆಂಚಿಂದ ಒಬ್ಬ ಕೇಳಿದ, "ಇಂಥ ಜಾಗದಲ್ಲಿ ಯಾಕೋ ಮನೆ ಕಟ್ಕೊಂಡ್ರು? ಆರಾಮಾಗಿ ಸಿಟಿಗೆ ಹೋಗ್ಬೋದಿತ್ತಲ್ಲ?" ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕು, "ಸಾಯಿಲ್ ಟೆಸ್ಟ್ ಮಾಡ್ಸಿರ್ಲಿಲ್ಲ ಅನ್ಸುತ್ತೆ" ಅಂದೆ. ಮಾರ್ಕ್ಸ್ ಚೆನ್ನಾಗೇ ಬಂತು.

ಆಮೇಲೆ ಸುಮ್ಮನೆ ಕುತೂಹಲಕ್ಕೆ ಓದ್ತಾ ಹೋದೆ. ಆ ಜೋಕ್ ಬಗ್ಗೆ ಈಗ ನಾಚಿಕೆ ಆಗುತ್ತೆ.

ನ್ಯೂಟಾಕ್ ಜನ ಯೂಪಿಕ್ ಸಮುದಾಯದವರು. ಇವರ ಹಿರಿಯರು ಒಂದೇ ಕಡೆ ನೆಲೆ ನಿಂತವರಲ್ಲ. ಚಳಿಗಾಲಕ್ಕೆ ಒಂದು ಜಾಗ, ಬೇಸಿಗೆಯಲ್ಲಿ ಮೀನು ಹಿಡಿಯೋಕೆ ಇನ್ನೊಂದು ಜಾಗ. ನೆಲ ಕುಸಿದರೆ, ನದಿ ಹತ್ತಿರ ಬಂದರೆ, ಗಂಟುಮೂಟೆ ಕಟ್ಕೊಂಡು ಹೊರಡೋದು ಅವರಿಗೆ ಗೊತ್ತಿತ್ತು. 1950ರ ದಶಕದ ಕೊನೆಯಲ್ಲಿ ಅಮೆರಿಕ ಸರ್ಕಾರ ಅಲ್ಲೊಂದು ಶಾಲೆ ಕಟ್ಟಲು ಹೊರಟಿತು. ಸಾಮಾನು ಹೊತ್ತು ಬಂದ ಬಾರ್ಜ್ ನದಿಯಲ್ಲಿ ಅದಕ್ಕಿಂತ ಮೇಲಕ್ಕೆ ಹೋಗೋ ಹಾಗಿರಲಿಲ್ಲ. ಅದು ನಿಂತ ಕಡೆ ಸಾಮಾನು ಇಳಿಸಿದರು, ಅಲ್ಲೇ ಶಾಲೆ ಕಟ್ಟಿದರು. ಮಕ್ಕಳು ಶಾಲೆಗೆ ಹೋಗಲೇಬೇಕು, ಹಾಗಾಗಿ ಅಪ್ಪ ಅಮ್ಮ ಶಾಲೆ ಸುತ್ತ ನೆಲೆ ನಿಂತರು. ಊರು ಹುಟ್ಟಿದ್ದು ಹೀಗೆ. ಸೈಟ್ ಸೆಲೆಕ್ಷನ್ ಮಾಡಿದ್ದು ಬಾರ್ಜ್!

ಆ ಕಾಲದ ಸರ್ಕಾರಿ ಶಾಲೆಗಳಲ್ಲಿ ಯೂಪಿಕ್ ಮಾತಾಡಿದರೆ ಮಕ್ಕಳಿಗೆ ಶಿಕ್ಷೆ ಆಗ್ತಿತ್ತು ಅಂತ ಅಲಾಸ್ಕಾದ ಹಿರಿಯರು ಹೇಳ್ತಾರೆ. ನನ್ನ ಸ್ಕೂಲಲ್ಲಿ ಕನ್ನಡ ಮಾತಾಡಿದರೆ ಹತ್ತು ರೂಪಾಯಿ ಫೈನ್ ಇತ್ತು. ಎರಡೂ ಒಂದೇ ಅಂತ ಹೇಳ್ತಿಲ್ಲ, ಖಂಡಿತ ಅಲ್ಲ. ಆದರೆ ಅದನ್ನ ಓದಿದಾಗ ಸ್ವಲ್ಪ ಹೊತ್ತು ಲ್ಯಾಪ್‌ಟಾಪ್ ಮುಚ್ಚಿಟ್ಟೆ.

ಮುಂದಿನದು ನಮ್ಮ ಸಿಲಬಸ್‌ಗೆ ಸೇರೋ ವಿಷಯ. ಮಂಜುಗಡ್ಡೆ ತುಂಬಿದ ಮಣ್ಣು ಕರಗಿದರೆ ಕುಸಿಯುತ್ತೆ, ನೀರು ತಾಗಿದರೆ ದಡ ಕಳಚಿ ಬೀಳುತ್ತೆ. ನಿಂಗ್ಲಿಕ್ ನದಿ ವರ್ಷಕ್ಕೆ ಸರಾಸರಿ ಸುಮಾರು 70 ಅಡಿ ದಡ ತಿನ್ನುತ್ತಾ ಬಂತು. 1996ರಲ್ಲಿ ಊರಿನ ಕಸ ಹಾಕುವ ಜಾಗ ಹೋಯಿತು. 2005ರಲ್ಲಿ ಬಾರ್ಜ್ ನಿಲ್ಲುವ ಜಾಗವೇ ಹೋಯಿತು.

ಜನ ಸುಮ್ಮನೆ ಕೂತಿದ್ದರಾ? ಇಲ್ಲ. 1994ರಲ್ಲೇ ಊರು ಬಿಡುವ ಯೋಚನೆ ಶುರು ಮಾಡಿದ್ದರು. ಸುಮಾರು ಒಂಬತ್ತು ಮೈಲಿ ದೂರ, ನೆಲ್ಸನ್ ದ್ವೀಪದಲ್ಲಿ ಗಟ್ಟಿ ಬಂಡೆ ನೆಲ ಇರುವ ಜಾಗವನ್ನ ಅವರೇ ಆರಿಸಿದರು. ಹೆಸರು ಮೆರ್ಟಾರ್ವಿಕ್, ಅಂದರೆ ಒರತೆಯಿಂದ ನೀರು ತರುವ ಜಾಗ. 2003ರಲ್ಲಿ ಅಮೆರಿಕದ ಸಂಸತ್ತು ಭೂಮಿ ಅದಲುಬದಲು ಮಾಡಿಕೊಳ್ಳಲು ಒಪ್ಪಿತು. ಮೊದಲ ಕುಟುಂಬಗಳು ಹೊಸ ಮನೆಗೆ ಹೋಗಿದ್ದು 2019ರ ಅಕ್ಟೋಬರ್‌ನಲ್ಲಿ. ಕೊನೆಯವರು ಹೋಗಿದ್ದು 2024ರಲ್ಲಿ. ಅಂದರೆ ಒಂಬತ್ತು ಮೈಲಿಗೆ ಮೂವತ್ತು ವರ್ಷ.

ಯಾಕೆ ಇಷ್ಟು ಲೇಟು ಅಂದರೆ, ಹೊಸ ಜಾಗದಲ್ಲಿ ಜನ ಇಲ್ಲ ಅಂತ ಇಲಾಖೆಗಳು ಶಾಲೆ, ಏರ್‌ಸ್ಟ್ರಿಪ್ ಕಟ್ಟಲ್ಲ. ಶಾಲೆ ಇಲ್ಲದ ಜಾಗಕ್ಕೆ ಜನ ಹೋಗಲ್ಲ. ಹಳೇ ಊರು ಹೇಗಿದ್ರೂ ಖಾಲಿ ಆಗುತ್ತಲ್ಲ ಅಂತ ಅಲ್ಲಿಗೂ ದುಡ್ಡು ಹಾಕಲ್ಲ. ಇನ್ನೊಂದು ತಮಾಷೆ ಕೇಳಿ. ಚಂಡಮಾರುತ ಬಂದು ಒಂದೇ ರಾತ್ರಿಯಲ್ಲಿ ಊರು ಹೋದರೆ ಅದು ವಿಪತ್ತು, ಪರಿಹಾರ ಸಿಗುತ್ತೆ. ಇಪ್ಪತ್ತು ವರ್ಷ ನಿಧಾನಕ್ಕೆ ಕೊಚ್ಚಿಹೋದರೆ ಅಲ್ಲಿನ ಕಾನೂನಿನ ಪಟ್ಟಿಯಲ್ಲಿ ಅದಕ್ಕೆ ಜಾಗ ಇಲ್ಲ. ನಮ್ಮದನ್ನ ವಿಪತ್ತು ಅಂತ ಘೋಷಿಸಿ ಅಂತ ನ್ಯೂಟಾಕ್ ಕೇಳಿಕೊಂಡಿತ್ತು. 2017ರ ಜನವರಿಯಲ್ಲಿ ಆಗಲ್ಲ ಅಂತ ಉತ್ತರ ಬಂತು.

ಇದನ್ನೆಲ್ಲ ಆ ಲಾಸ್ಟ್ ಬೆಂಚ್ ಗೆಳೆಯನಿಗೆ ಹಾಸ್ಟೆಲ್‌ನಲ್ಲಿ ಹೇಳಿದೆ. ಅವನು ದಡ್ಡ ಅಲ್ಲ, ಲೆಕ್ಕ ಹಾಕಿದ. ಊರಲ್ಲಿ ಇರೋರು ಸುಮಾರು 350 ಜನ, ಊರು ಸಾಗಿಸೋಕೆ ಸೇನೆಯ ಎಂಜಿನಿಯರುಗಳು ಮೊದಲು ಹಾಕಿದ ಅಂದಾಜು 8ರಿಂದ 13 ಕೋಟಿ ಡಾಲರ್. "ತಲೆಗೆ ಎಷ್ಟಾಯ್ತು ನೋಡು. ಅಷ್ಟು ಕೊಟ್ರೆ ಆಂಕರೇಜಲ್ಲಿ ಬಂಗಲೆ ತಗೋತಾರೆ." ಸರಿ, ಗಣಿತ ಸರಿಯಾಗೇ ಇದೆ. ಆದರೆ ಅವರು ತಿನ್ನೋದು ಸೀಲ್, ಸಾಲ್ಮನ್, ಬೇಸಿಗೆಯಲ್ಲಿ ಆರಿಸಿಟ್ಟ ಬೆರಿ. ಬಂಗಲೆಯಲ್ಲಿ ಕೂತು ಅದನ್ನ ಎಲ್ಲಿಂದ ತರೋದು? ಅಜ್ಜಿ ಮೊಮ್ಮಗು ಹತ್ತಿರ ಯೂಪಿಕ್ ಮಾತಾಡೋ ಓಣಿಯನ್ನ ಸಿಟಿಯಲ್ಲಿ ಯಾರು ಕಟ್ಟಿಕೊಡ್ತಾರೆ? ಮುಖ್ಯವಾಗಿ, ಅವರನ್ನ ಅಲ್ಲಿ ಕೂರಿಸಿದ್ದೇ ಸರ್ಕಾರ. ಕೂರಿಸಿದವರು ಎಬ್ಬಿಸುವ ಖರ್ಚು ಕೊಡಬೇಕು ಅನ್ನೋದು ನನಗೆ ದಾನದ ಮಾತು ಅನ್ನಿಸಲ್ಲ, ಬಾಕಿ ಬಿಲ್ ಅನ್ನಿಸುತ್ತೆ. ಅವನು ಪೂರ್ತಿ ಒಪ್ಪಿಲ್ಲ. ಅಷ್ಟೇ ದುಡ್ಡು ಕಾಯ್ತಿರೋ ಬೇರೆ ಊರುಗಳಿಗೆ ಏನು ಹೇಳ್ತೀಯ ಅಂದ. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ.

ಅಂಥ ಊರುಗಳಿಗೆ ಏನಾಗುತ್ತೆ ಅಂತ 2025ರ ಅಕ್ಟೋಬರ್‌ನಲ್ಲಿ ಗೊತ್ತಾಯ್ತು. ಹಾಲಾಂಗ್ ಚಂಡಮಾರುತದ ಉಳಿಕೆ ಅದೇ ಕರಾವಳಿಗೆ ಬಡಿಯಿತು. ಕಿಪ್ನುಕ್, ಕ್ವಿಗಿಲಿಂಗಾಕ್ ಅನ್ನೋ ಯೂಪಿಕ್ ಹಳ್ಳಿಗಳಲ್ಲಿ ಮನೆಗಳು ಬುಡಸಮೇತ ತೇಲಿಹೋದವು, ಕೆಲವದರಲ್ಲಿ ಜನ ಇದ್ದಾಗಲೇ. ನೂರಾರು ಜನರನ್ನ ವಿಮಾನದಲ್ಲಿ ಕರೆದೊಯ್ದರು. ಎಲ್ಲಿಗೆ ಅಂದ್ಕೊಂಡ್ರಿ? ಆಂಕರೇಜ್‌ಗೇ. ಕ್ಲಾಸಲ್ಲಿ ನಾವು ನಗ್ತಾ ಕೊಟ್ಟ ಸಲಹೆ ನಿಜವಾದಾಗ ಜನ ಮಲಗಿದ್ದು ಕ್ರೀಡಾಂಗಣದೊಳಗೆ ಸಾಲಾಗಿ ಹಾಕಿದ ಮಂಚಗಳ ಮೇಲೆ.

ನನ್ನ ಸೆಮಿನಾರ್‌ನಲ್ಲಿ ಥರ್ಮೋಸೈಫನ್ ಬಗ್ಗೆಯೇ ನಾಲ್ಕು ಸ್ಲೈಡ್ ಇದ್ದವು. ಚಳಿಗಾಲದಲ್ಲಿ ಮೋಟಾರ್ ಇಲ್ಲದೆ ನೆಲದ ಬಿಸಿ ಹೊರಗೆಳೆಯೋ ಪೈಪ್ ಅದು, ನಿಜಕ್ಕೂ ಸೂಪರ್ ಐಡಿಯಾ. ಊರು ಅಲ್ಲೇ ಯಾಕಿದೆ ಅನ್ನೋದಕ್ಕೆ ಒಂದು ಸ್ಲೈಡೂ ಇರಲಿಲ್ಲ, ಯಾರೂ ಅದಕ್ಕೆ ಮಾರ್ಕ್ಸ್ ಕಟ್ ಮಾಡಲೂ ಇಲ್ಲ. ಈಗ ಬಾರ್ಜ್ ಕಥೆಗೆ ಒಂದು ಸ್ಲೈಡ್ ಸೇರಿಸಿದೀನಿ, ಥರ್ಮೋಸೈಫನ್‌ಗಿಂತ ಮೊದಲು. ಜೂನಿಯರ್ಸ್ ಯಾರಿಗಾದ್ರೂ ಪಿಪಿಟಿ ಬೇಕಿದ್ರೆ ಕೇಳಿ, ಕೊಡ್ತೀನಿ. ಆ ಜೋಕ್ ಮಾತ್ರ ಹೊಡೀಬೇಡಿ.