ಹೆರಿಗೆಯ ಹಾದಿ: ಹೆರುವ ತಾಯಿಯ ಮಾತಿಗೂ ಬೆಲೆಯಿರಲಿ

ಮಗು ಹುಟ್ಟಿದ ಸುದ್ದಿ ತಿಳಿದೊಡನೆ ಗಂಡೋ ಹೆಣ್ಣೋ ಎಂದು ಕೇಳುವುದು ಹಿಂದಿನಿಂದ ಬಂದ ರೂಢಿ. ಈಗ ಅದರ ಬೆನ್ನಿಗೇ "ನಾರ್ಮಲ್ಲೋ, ಸಿಸೇರಿಯನ್ನೋ?" ಎಂಬ ಪ್ರಶ್ನೆಯೂ ಬರುತ್ತದೆ. ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ನಮ್ಮ ಮನೆಗಳೂ ಇದಕ್ಕೆ ಹೊರತಲ್ಲ. ಸಹಜ ಹೆರಿಗೆಯಾದರೆ ಸೊಸೆ ಗಟ್ಟಿಗಿತ್ತಿ. ಶಸ್ತ್ರಕ್ರಿಯೆಯಾದರೆ "ನಾವು ಹೊಲದಲ್ಲಿ ದುಡಿದುಕೊಂಡೇ ಹೆತ್ತೆವು, ಈಗಿನವರಿಗೆ ನೋವು ತಡೆಯುವ ಶಕ್ತಿಯಿಲ್ಲ" ಎಂಬ ಮೂದಲಿಕೆ. ಹೊಲಿಗೆ ಹಾಕಿಸಿಕೊಂಡು ಮಲಗಿರುವ ಬಾಣಂತಿಗೆ ಈ ಮಾತು ಎಷ್ಟು ನೋವನ್ನುಂಟುಮಾಡುತ್ತದೆಂಬುದನ್ನು ಹಿರಿಯರು ಯೋಚಿಸುವುದಿಲ್ಲ.

ಈ ವಿಷಯದಲ್ಲಿ ಹೆಣ್ಣುಮಕ್ಕಳ ಅಭಿಪ್ರಾಯ ಒಂದೇ ತೆರನಾಗಿಲ್ಲ. ಕತ್ತರಿಯ ಹೆಸರು ಕೇಳಿದರೇ ಕೆಲವರು ಹೆದರುತ್ತಾರೆ. ಬೇಗ ಎದ್ದು ಓಡಾಡಬೇಕು, ಮನೆಗೆಲಸ, ದನಕರು ನೋಡಿಕೊಳ್ಳಬೇಕು, ಅದಕ್ಕೆ ಸಹಜ ಹೆರಿಗೆಯೇ ಲೇಸು ಎಂಬುದು ಅವರ ವಾದ. ಇನ್ನು ಕೆಲವರಿಗೆ ಗಂಟೆಗಟ್ಟಲೆ ಬೇನೆ ತಿನ್ನುವುದೇ ಭಯ. ದಿನ ಗೊತ್ತುಮಾಡಿ ಶಸ್ತ್ರಕ್ರಿಯೆ ಮಾಡಿಸಿಕೊಳ್ಳುವುದೇ ಅವರಿಗೆ ಮೇಲೆನಿಸುತ್ತದೆ. ಮೂರನೆಯ ಗುಂಪಿನವರನ್ನು ಯಾರೂ ಕೇಳಿರುವುದೇ ಇಲ್ಲ. ವೈದ್ಯರು ಹೇಳಿದರು, ಯಜಮಾನರು ಸಹಿ ಹಾಕಿದರು, ಅತ್ತೆಯವರು ಒಪ್ಪಿದರು. ಮೇಜಿನ ಮೇಲೆ ಮಲಗಿದವಳಿಗೆ ಮಾತ್ರ ಏಕೆಂದು ತಿಳಿಯಲಿಲ್ಲ. ನಮ್ಮ ಸಮಾಜ ಮೊದಲು ಗಮನಿಸಬೇಕಾದುದು ಈ ಮೂರನೆಯ ಗುಂಪನ್ನು.

ಹಿಂದೆ ಎಲ್ಲವೂ ಸುಸೂತ್ರವಾಗಿತ್ತೆಂದು ಭಾವಿಸುವುದು ಸರಿಯಲ್ಲ. ಸೂಲಗಿತ್ತಿಯರ ಅನುಭವ ದೊಡ್ಡದು. ಪಾವಗಡ ಸೀಮೆಯಲ್ಲಿ ಸಾವಿರಾರು ಹೆರಿಗೆಗಳನ್ನು ಉಚಿತವಾಗಿ ಮಾಡಿಸಿದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು. ಆದರೂ ಅಡ್ಡಬಿದ್ದ ಮಗು, ನಿಲ್ಲದ ರಕ್ತಸ್ರಾವ, ನಂಜು ಇವುಗಳಿಂದ ತೀರಿಹೋದ ತಾಯಂದಿರ ನೆನಪು ಊರೂರಿನಲ್ಲೂ ಉಂಟು. 2004-06ರ ಅವಧಿಯಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 213 ತಾಯಂದಿರು ಮಡಿಯುತ್ತಿದ್ದರು. 2018-20ರ ವೇಳೆಗೆ ಆ ಸಂಖ್ಯೆ 69ಕ್ಕೆ ಇಳಿಯಿತು. ಆಸ್ಪತ್ರೆಯ ಹೆರಿಗೆ, ವೇಳೆಗೆ ಸರಿಯಾಗಿ ನಡೆದ ಶಸ್ತ್ರಕ್ರಿಯೆ, ರಕ್ತದ ಲಭ್ಯತೆ ಇವುಗಳ ಪಾಲು ಇದರಲ್ಲಿ ದೊಡ್ಡದು.

ಇನ್ನೊಂದು ಮುಖವನ್ನೂ ನೋಡಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ರಾಜ್ಯದಲ್ಲಿ 2015-16ರಲ್ಲಿ ಶೇ. 23.6ರಷ್ಟಿದ್ದ ಸಿಸೇರಿಯನ್ ಹೆರಿಗೆಗಳು 2019-21ರಲ್ಲಿ ಶೇ. 31.5ಕ್ಕೆ ಏರಿದವು. ಅದೇ ಸಮೀಕ್ಷೆಯಲ್ಲಿ ದೇಶದ ಸರ್ಕಾರಿ ಆಸ್ಪತ್ರೆಗಳ ಪ್ರಮಾಣ ಶೇ. 14.3 ಇದ್ದರೆ ಖಾಸಗಿಯವುಗಳದು ಶೇ. 47.4. ಒಂದು ಜನಸಮುದಾಯದಲ್ಲಿ ಈ ಪ್ರಮಾಣ ಶೇ. 10ನ್ನು ದಾಟಿದ ಮೇಲೆ ತಾಯಿ ಮಕ್ಕಳ ಸಾವು ಮತ್ತಷ್ಟು ಇಳಿದದ್ದು ಕಂಡುಬಂದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ತಿಳಿಸಿತು. ಅಂಕಿ ಹಿಡಿಯುವುದಕ್ಕಿಂತ, ಅಗತ್ಯವಿರುವ ಪ್ರತಿ ತಾಯಿಗೂ ಶಸ್ತ್ರಕ್ರಿಯೆ ದೊರೆಯಬೇಕೆಂಬುದೇ ಮುಖ್ಯವೆಂದೂ ಆ ಸಂಸ್ಥೆ ಹೇಳಿದೆ.

ಮಾಸು ಗರ್ಭದ್ವಾರವನ್ನು ಮುಚ್ಚಿದ್ದರೆ, ಮಗು ಅಡ್ಡಲಾಗಿದ್ದರೆ, ಮಗುವಿನ ಎದೆಬಡಿತ ಕುಗ್ಗುತ್ತಿದ್ದರೆ ಹಿಂದೆಮುಂದೆ ನೋಡಬಾರದು. ಆದರೆ ಅದು ಹೊಟ್ಟೆಯ ದೊಡ್ಡ ಶಸ್ತ್ರಕ್ರಿಯೆ. ರಕ್ತ ಹೆಚ್ಚು ಹೋಗಬಹುದು, ಗಾಯಕ್ಕೆ ನಂಜು ತಗಲಬಹುದು, ಚೇತರಿಕೆ ನಿಧಾನ. ಮುಂದಿನ ಬಸಿರಿನಲ್ಲಿ ಮಾಸು ಹಳೆಯ ಗಾಯದ ಜಾಗಕ್ಕೆ ಅಂಟಿಕೊಳ್ಳುವ ಅಪಾಯವೂ ಉಂಟು. ಒಮ್ಮೆ ಸಿಸೇರಿಯನ್ ಆದರೆ ಮುಂದೆಯೂ ಅದೇ ಗತಿ ಎಂಬ ನಂಬಿಕೆ ಪೂರ್ತಿ ನಿಜವಲ್ಲ. ಶಸ್ತ್ರಕ್ರಿಯೆಯ ಸೌಕರ್ಯವಿರುವ ಆಸ್ಪತ್ರೆಯಲ್ಲಿ ಎರಡನೆಯದು ಸಹಜವಾಗಿ ಆದ ತಾಯಂದಿರು ಬಹಳ ಮಂದಿ.

ಒಳ್ಳೆಯ ನಕ್ಷತ್ರ ನೋಡಿ, ಗಳಿಗೆ ಕಟ್ಟಿಸಿ ಮಗುವನ್ನು ಹೊರತೆಗೆಸುವ ಪರಿಪಾಠವೊಂದು ಇತ್ತೀಚೆಗೆ ಬಂದಿದೆ. ತಿಥಿ, ವಾರ, ಮುಹೂರ್ತಗಳನ್ನು ನಿರಾಕರಿಸಿದ ಶರಣರ ಮಕ್ಕಳಾದ ನಾವು ಇದಕ್ಕೆ ಕೈಹಾಕುವುದು ನಾಚಿಕೆಯ ಸಂಗತಿ. 39 ವಾರ ತುಂಬುವ ಮುನ್ನ ಕಾರಣವಿಲ್ಲದೆ ತೆಗೆದ ಶಿಶುವಿಗೆ ಉಸಿರಾಟದ ತೊಂದರೆಯಾಗುವ ಸಂಭವ ಹೆಚ್ಚು. ಪಂಚಾಂಗಕ್ಕಾಗಿ ಕೂಸಿನ ಉಸಿರನ್ನು ಪಣಕ್ಕೊಡ್ಡುವುದು ಯಾವ ಧರ್ಮ?

ಹಾಗಾದರೆ ತಾಯಿಗೆ ಆಯ್ಕೆಯೇ ಇಲ್ಲವೆ? ಖಂಡಿತ ಉಂಟು. ತಿಳಿದುಕೊಂಡ ಮೇಲೆ ಮಾಡುವ ಆಯ್ಕೆಯೇ ನಿಜವಾದ ಆಯ್ಕೆ. ಎಲ್ಲ ವಿವರಿಸಿದ ಮೇಲೂ ಹೆಂಗಸು ಶಸ್ತ್ರಕ್ರಿಯೆಯನ್ನೇ ಬಯಸಿದರೆ ಅದನ್ನು ಒದಗಿಸಬೇಕೆಂದು ಇಂಗ್ಲೆಂಡಿನ ವೈದ್ಯಕೀಯ ಮಾರ್ಗಸೂಚಿ 2011ರಲ್ಲೇ ಹೇಳಿತು. ಮೊದಲು ಅವಳ ಭಯವನ್ನು ಕೇಳಿಸಿಕೊಂಡು ಧೈರ್ಯ ತುಂಬಬೇಕೆಂದೂ ಅದರಲ್ಲಿದೆ. ನಮ್ಮಲ್ಲಿ ಆ ಭಯವನ್ನು ಕೇಳುವವರು ಯಾರು? ಹೆರಿಗೆ ಕೋಣೆಯಲ್ಲಿ ಗರ್ಭಿಣಿಯ ಬಳಿ ಬಂಧುವೊಬ್ಬಳು ಇರಬಹುದೆಂದು ಕೇಂದ್ರ ಸರ್ಕಾರ 2016ರಲ್ಲಿ ಸರ್ಕಾರಿ ಆಸ್ಪತ್ರೆಗಳಿಗೆ ಸೂಚಿಸಿತು. ಅವ್ವನೋ ಅಕ್ಕನೋ ಬೆನ್ನು ನೀವುತ್ತ ಪಕ್ಕದಲ್ಲಿದ್ದರೆ ಬೇನೆಯ ಭಯ ಅರ್ಧ ಇಳಿಯುತ್ತದೆ.

ಬಸುರಿಗೆ ಎಂಟನೆಯ ತಿಂಗಳಲ್ಲಿ ಗರ್ಭಕ್ಕೆ ಲಿಂಗಧಾರಣೆ ಮಾಡಿಸುವ ಸಂಪ್ರದಾಯ ನಮ್ಮಲ್ಲುಂಟು. ಅಂದು ಮನೆಯವರೆಲ್ಲ ಸೇರಿರುತ್ತಾರೆ. ಅದೇ ದಿನ ಕೆಲವು ಸಂಗತಿಗಳನ್ನು ಇತ್ಯರ್ಥ ಮಾಡಿಕೊಳ್ಳಬಾರದೇಕೆ? ಹೆರಿಗೆ ಎಲ್ಲಿ? ತವರಿನ ಹಳ್ಳಿಯಿಂದ ರಾತ್ರಿ ಹೊರಡಬೇಕಾದರೆ ವಾಹನ ಯಾವುದು? ಗುಂಡ್ಲುಪೇಟೆಯಿಂದ ಚಾಮರಾಜನಗರದ ದೊಡ್ಡಾಸ್ಪತ್ರೆಗೋ ಸುಮಾರು 60 ಕಿ.ಮೀ. ದೂರದ ಮೈಸೂರಿಗೋ ಕಳುಹಿಸಿದರೆ ಜೊತೆಗೆ ಹೋಗುವವರು ಯಾರು? ರಕ್ತ ಕೊಡುವವರು ಯಾರು? ಸಿಸೇರಿಯನ್ ಸೂಚಿಸಿದರೆ "ಕಾರಣವೇನು, ಕಾಯಬಹುದೇ, ಕಾದರೆ ಅಪಾಯವೇನು?" ಎಂದು ವಿನಯದಿಂದ ಕೇಳುವುದನ್ನು ಆಕೆಗೂ ಆಕೆಯ ಪತಿಗೂ ಕಲಿಸಿಡಿ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್, ಔಷಧಿ, ರಕ್ತ, ಊಟ ಎಲ್ಲವೂ ಉಚಿತವೆಂಬುದು ನೆನಪಿರಲಿ.

ತಾಯಂದಿರೇ, ಜನನ ಸೂತಕವನ್ನೇ ತಳ್ಳಿಹಾಕಿದ ಪರಂಪರೆ ನಮ್ಮದು. ಹೆತ್ತ ಬಗೆಯನ್ನು ಹಿಡಿದು ಹೆಣ್ಣನ್ನು ಅಳೆಯುವ ಹೊಸ ಸೂತಕವೊಂದನ್ನು ನಾವು ತಂದುಕೊಳ್ಳುವುದು ಬೇಡ. ಇನ್ನು ಮುಂದೆ ಬಾಣಂತಿಯನ್ನು ನೋಡಲು ಹೋದಾಗ ನಾರ್ಮಲ್ಲೋ ಸಿಸೇರಿಯನ್ನೋ ಎಂದು ಕೇಳದೆ, "ಚೆನ್ನಾಗಿದ್ದೀಯಾ ಮಗಳೇ, ಊಟ ನಿದ್ರೆ ಸರಿಯಾಗಿದೆಯೇ?" ಎಂದು ಕೇಳೋಣ.